ಮೂರು ಬೆರಳಿನ ಹಿಡಿ

ಯಲಹಂಕ, ಶೆಡ್ ಮನೆ
14 ನವೆಂಬರ್ 2025, ಶುಕ್ರವಾರ ಬೆಳಗ್ಗೆ

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆ ಯಶೋದಾ, ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಮೊದಲು ಮಂಡಿ ನೋವಿನ ಸಮಾಚಾರ ಹೇಳಿ. ಬಾಗಲಗುಂಟೆಯಲ್ಲಿ ರತ್ನಕ್ಕನ ಮನೆಯ ಆ ಮೆಟ್ಟಿಲು ಹತ್ತುವಾಗ ನನಗೇ ಏದುಸಿರು ಬರುತ್ತದೆ, ಎಪ್ಪತ್ನಾಲ್ಕು ವರ್ಷದ ನೀವು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ ಏನೋ. ಕಣ್ಣಿಗೆ ಬಿಡುವ ಔಷಧಿಯನ್ನು ನಿಮ್ಮ ಮಗಳು ಎರಡು ಹೊತ್ತೂ ಬಿಡುತ್ತಿದ್ದಾರಾ, ಇಲ್ಲ ‘ಉರೀತದೆ ಬಿಡೇ’ ಅಂತ ನೀವೇ ಮುಖ ತಿರುಗಿಸಿ ತಪ್ಪಿಸಿಕೊಳ್ಳುತ್ತಿದ್ದೀರಾ? ನನಗೆ ಗೊತ್ತು ನಿಮ್ಮ ಬುದ್ಧಿ. ಚಳಿ ಶುರುವಾಗಿದೆ. ನಿಮ್ಮ ಕರಿ ಕಂಬಳಿಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮಡಿಚಿ ನಿಮ್ಮ ಮಂಚದ ಮೇಲೇ ಇಟ್ಟಿದ್ದೇನೆ. ಕಳಿಸಿಕೊಡಬಹುದಿತ್ತು. ಕಳಿಸಿದರೆ ನೀವು ಅಲ್ಲೇ ನಿಂತುಬಿಡುತ್ತೀರಿ ಅಂತ ಕಳಿಸಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾವೆಲ್ಲ ಅನ್ನುವುದಕ್ಕೆ ಇಲ್ಲಿ ಯಾರಿದ್ದಾರೆ? ನಾನೊಬ್ಬಳೇ. ನಾನು ಕ್ಷೇಮ.

ನಂದಿತಾ, ಈಗ ನಿನಗೊಂದು ಮಾತು. ಅಜ್ಜಿಗೆ ಓದು ಬರುವುದಿಲ್ಲ, ಅದಕ್ಕೇ ಈ ಕಾಗದ ನಿನ್ನ ಬಾಯಿಂದ ಹೋಗಬೇಕು. ಅಜ್ಜಿಗೆ ಬಲಗಿವಿ ಮಂದ, ಎಡಗಡೆ ಕೂತು ಓದು. ಅಲ್ಲಲ್ಲಿ ನಾನು ಅತ್ತಿರುವುದು ಗೊತ್ತಾದರೆ ‘ಅತ್ತೆ ಅತ್ತಿದ್ದಾಳೆ’ ಅಂತ ಟೀಕೆ ಸೇರಿಸಬೇಡ. ಕಾಲೇಜಿನ ಹುಡುಗಿ, ನಿನಗೆ ಎಲ್ಲವೂ ನಗು. ಇರುವುದನ್ನು ಇರುವ ಹಾಗೆ ಓದು, ಕಡೆಯ ಸಾಲಿನವರೆಗೂ.

ಫೋನ್ ಇರುವಾಗ ಇದೇನು ಕಾಗದ ಬರೆಯುವ ಹುಚ್ಚು ಅಂತೀರೇನೋ ಅತ್ತೆಮ್ಮ. ಎಂಟು ತಿಂಗಳಿಂದ ಫೋನ್ ಮಾಡಿ ನೋಡಿಯಾಯಿತಲ್ಲ. ‘ಊಟ ಆಯ್ತಾ’ ಅಂದರೆ ‘ಆಯ್ತು’. ‘ಹುಷಾರಾಗಿದ್ದೀರಾ’ ಅಂದರೆ ‘ಇವ್ನಿ’. ಆಮೇಲೆ ‘ಇಡ್ತೀನಿ ಕಣಮ್ಮ’. ಕಣಮ್ಮ! ಹಾಲು ಹಾಕುವವಳಿಗೆ ಅನ್ನುವ ಹಾಗೆ. ಇಪ್ಪತ್ನಾಲ್ಕು ವರ್ಷ ಬಾಯಿ ತುಂಬ ‘ಯಶೋದಿ’ ಅಂತ ಕೂಗಿದವರು ನೀವು. ನೀವು ಯಶೋದಿ ಅಂತ ಕೂಗಿದರೆ ಶೆಡ್ಡಿನ ಆ ತುದಿಯ ಕೋಳಿ ಕೂಡ ಕತ್ತೆತ್ತಿ ನೋಡುತ್ತಿತ್ತು. ಈಗ ನನ್ನನ್ನು ಹಾಗೆ ಕರೆಯುವವರು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ನಿಮ್ಮ ಮಗ ಹೋಗಿ ಆರು ವರ್ಷವಾಯಿತು, ಹೊಟ್ಟೆಯಲ್ಲಿ ಹುಟ್ಟಿದ್ದು ಅಂತ ನನಗೆ ಒಂದೂ ಇಲ್ಲ. ಇದ್ದವರು ನಾವಿಬ್ಬರು.

ಬುಧವಾರ ಬೆಳಗ್ಗೆ ಮರಿ ಕೊಡುವ ಕಂಪನಿಯ ಗಾಡಿ ಬಂದು ಬೆಳೆದ ಕೋಳಿಗಳನ್ನೆಲ್ಲ ತೆಗೆದುಕೊಂಡು ಹೋಯಿತು. ಈಗ ಶೆಡ್ ಖಾಲಿ. ಹಳೆ ಹೊಟ್ಟು ಎಳೆದು ಹಾಕಿದೆ, ನೆಲ ತೊಳೆದೆ, ಸುಣ್ಣ ಹೊಡೆದೆ, ಪರದೆಗಳನ್ನು ಮೇಲೆತ್ತಿ ಕಟ್ಟಿದೆ. ಹೊಸ ಮರಿ ಬರುವುದು ಇಪ್ಪತ್ನಾಲ್ಕನೇ ತಾರೀಕು ಸೋಮವಾರ. ಅಲ್ಲಿಯವರೆಗೆ ಈ ಮೌನದಲ್ಲಿ ನಾನು ಏನು ಮಾಡಲಿ ಹೇಳಿ. ಎರಡು ಸಾವಿರ ಕೋಳಿಗಳ ಸದ್ದು ಇರುವಾಗ ತಲೆ ಚಿಟ್ಟು ಹಿಡಿಯುತ್ತಿತ್ತು, ಅದು ನಿಂತ ಮೇಲೆ ನನ್ನ ಚಪ್ಪಲಿ ಸದ್ದಿಗೆ ನಾನೇ ಬೆಚ್ಚುತ್ತೇನೆ. ಹಿಂದೆಲ್ಲ ಶೆಡ್ ಖಾಲಿಯಾದರೆ ನಮಗೆ ಹಬ್ಬ. ನೀವು ಜಗಲಿಯಲ್ಲಿ ಕಾಲು ಚಾಚಿ ಕೂತು ‘ಈಗ್ ನೋಡು, ನಮ್ ಮಾತು ನಮ್ಗೇ ಕೇಳ್ತದೆ’ ಅನ್ನುತ್ತಿದ್ದಿರಿ. ನಿನ್ನೆ ಅದೇ ಜಗಲಿಯಲ್ಲಿ ಕೂತಿದ್ದೆ. ವಾಯುಪಡೆಯ ವಿಮಾನ ಒಂದು ತಲೆ ಮೇಲೆ ಹೋಯಿತು. ಕೋಳಿಗಳು ಹೆದರಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ ಅಂತ ಅಭ್ಯಾಸಬಲದಿಂದ ಎದ್ದು ಶೆಡ್ಡಿಗೆ ಓಡಿದೆ. ಒಳಗೆ ಒಂದು ಪುಕ್ಕವೂ ಇರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು, ಅಲ್ಲೇ ಕೂತು ಅತ್ತೆ. ಇನ್ನೂ ಎರಡು ಮುದ್ದೆಗೆ ಆಗುವಷ್ಟೇ ಹಿಟ್ಟು ತೊಳಸುತ್ತೇನೆ. ಒಂದನ್ನು ತಿಂದು ಇನ್ನೊಂದನ್ನು ಬೈರಣ್ಣನ ಕುರಿಗಳಿಗೆ ಹಾಕುತ್ತೇನೆ. ಬೈರಣ್ಣ ದಿನಾ ನಿಮ್ಮನ್ನು ಕೇಳುತ್ತಾನೆ. ನಾಡಿದ್ದು ಬರುತ್ತಾರೆ ಅಂತ ಎಂಟು ತಿಂಗಳಿಂದ ಹೇಳುತ್ತಿದ್ದೇನೆ. ಪಾಪ, ಅವನೂ ಎಂಟು ತಿಂಗಳಿಂದ ನಂಬುತ್ತಿದ್ದಾನೆ.

ಮಾರ್ಚ್ ತಿಂಗಳ ವಿಷಯ ಎತ್ತಬಾರದು ಅಂದುಕೊಂಡೇ ಪೆನ್ನು ಹಿಡಿದೆ. ಎತ್ತದೆ ಬೇರೆ ಏನು ಬರೆದರೂ ಅದು ಸುಮ್ಮನೆ ಹರಟೆ. ಅವತ್ತು ಬೆಳಗ್ಗೆ ನೀವು ಎಂದಿನ ಹಾಗೆ ಹತ್ತು ಕೊಡ ನೀರು ಕುದಿಸಿ, ಕೊಡಕ್ಕೊಂದು ಹಿಡಿಯಂತೆ ನಿಮ್ಮ ಪುಡಿ ಹಾಕಿ, ಸೋಸಿ, ಆರಿಸಿ ಕೋಳಿಗಳ ನೀರಿನ ತೊಟ್ಟಿಗೆ ಸುರಿದಿರಿ. ನೆಲನೆಲ್ಲಿ, ಅಮೃತಬಳ್ಳಿ, ಬೇವಿನೆಲೆ, ಒಣಶುಂಠಿ, ಅರಿಶಿನ, ಎಲ್ಲ ನೀವೇ ನೆರಳಲ್ಲಿ ಒಣಗಿಸಿ ಕುಟ್ಟಿದ ಪುಡಿ. ಆಮೇಲೆ ರತ್ನಕ್ಕನ ಮನೆಯ ಸತ್ಯನಾರಾಯಣ ಪೂಜೆಗೆ ಅಂತ ಬಸ್ ಹತ್ತಿದಿರಿ. ಮಧ್ಯಾಹ್ನ ಬಿಸಿಲು ತಗಡಿನ ಮೇಲೆ ಕುಣಿಯುತ್ತಿತ್ತು. ನಾಲ್ಕು ಗಂಟೆಗೆ ಕೋಳಿಗಳು ಬಾಯಿ ಬಿಟ್ಟುಕೊಂಡು ರೆಕ್ಕೆ ಹರಡಿ ಮಲಗಿದ್ದವು, ಆರಕ್ಕೆ ಮುನ್ನೂರಕ್ಕೂ ಹೆಚ್ಚು ಸತ್ತಿದ್ದವು. ಡ್ರಿಂಕರುಗಳಲ್ಲಿ ನೀರು ತುಂಬಿ ನಿಂತಿತ್ತು. ಕಹಿ ಹೆಚ್ಚಾಗಿ ಕೋಳಿಗಳು ನೀರನ್ನೇ ಮುಟ್ಟಿರಲಿಲ್ಲ. ಬೇಸಿಗೆಯಲ್ಲಿ ಡ್ರಿಂಕರು ತುಂಬಿದ್ದರೆ ಎದೆ ಝಲ್ಲೆನ್ನಬೇಕು, ನಾನೋ ಕುಡಿದು ಸಾಕಾಗಿದೆ ಅಂದುಕೊಂಡು ಬಟ್ಟೆ ಒಗೆಯುತ್ತಾ ಕೂತಿದ್ದೆ. ಸಂಜೆ ನೀವು ಫೋನಿನಲ್ಲಿ ಕೇಳಿದಿರಿ, ‘ನಾನ್ ಬೆಳಗ್ಗೆ ಆಕಿದ್ರಲ್ಲೇ ಎಚ್ಚುಕಮ್ಮಿ ಆಯ್ತೇನೇ ಯಶೋದಿ?’ ನಾನು ‘ಹೂಂ’ ಅಂದೆ. ನೀವು ನನ್ನನ್ನು ಯಶೋದಿ ಅಂದದ್ದು ಅದೇ ಕಡೆಯ ಸಲ.

ಮಾರನೇ ದಿನ ನೀವು ರತ್ನಕ್ಕನ ಜೊತೆ ಆಟೋದಲ್ಲಿ ಬಂದಿಳಿದಾಗ ಸತ್ತ ಕೋಳಿಗಳನ್ನು ಗುಂಡಿಗೆ ಹಾಕುತ್ತಿದ್ದೆವು. ಕಂಪನಿಯ ಸೂಪರ್‌ವೈಸರ್ ಫರ್ಹಾನ್ ಇದ್ದ, ಬೈರಣ್ಣ ಇದ್ದ, ಪಕ್ಕದ ಅಪಾರ್ಟ್‌ಮೆಂಟಿನ ಗೋಡೆಯ ಮೇಲಿಂದ ಇಣುಕುವವರು ಬೇರೆ. ಅವರೆಲ್ಲರ ಎದುರಿಗೆ ನಾನು ನಿಮ್ಮ ಮೇಲೆ ಹರಿಹಾಯ್ದೆ. ನಿಮ್ಮ ಸೊಪ್ಪು ಸದೆ ನನ್ನ ಶೆಡ್ ಮುಳುಗಿಸಿತು ಅಂದೆ. ಇನ್ನೂ ಏನೇನೋ ಅಂದೆ, ನಂದಿತಾಳ ಬಾಯಲ್ಲಿ ಅದನ್ನೆಲ್ಲ ಆಡಿಸಲು ನನಗೆ ಇಷ್ಟವಿಲ್ಲ. ನಿಮ್ಮ ಕೈಯನ್ನೇ ನೋಡಿಕೊಂಡು ‘ಕಣ್ ಕಾಣ್ದೋಳು, ಕುಟ್ಟೋವಾಗ ಬೇವು ಎಚ್ಚಾಗ್ ಬಿತ್ತೇನೋ’ ಅಂದಿರಿ, ತೊಟ್ಟಿಯ ಹತ್ತಿರ ಕೈ ತೊಳೆದಿರಿ, ಅದೇ ಆಟೋ ಹತ್ತಿ ಹೊರಟುಬಿಟ್ಟಿರಿ. ಬಾಯಿಜೋರು ಮಾಡಿದ್ದರೆ ನಾಲ್ಕು ದಿನ ಮುನಿಸಿಕೊಂಡು ಸರಿಹೋಗುತ್ತಿದ್ದೆವು, ನಾವು ಮಾಡದ ಜಗಳವೇ? ನೀವು ಕೈ ತೊಳೆದದ್ದು ನನ್ನ ಕಣ್ಣಿಂದ ಹೋಗುವುದಿಲ್ಲ. ಮೊನ್ನೆ ರತ್ನಕ್ಕ ಹೇಳಿದರು, ನಂದಿತಾಳಿಗೆ ವಾರವಿಡೀ ಕೆಮ್ಮು ಇದ್ದರೂ ನೀವು ಒಂದು ಲೋಟ ಕಷಾಯ ಮಾಡಿಕೊಡಲಿಲ್ಲವಂತೆ. ‘ನನ್ ಕೈ ಸರಿ ಇಲ್ಲ, ಅಂಗಡೀಲಿ ಬಾಟ್ಲು ತಂದ್ಕೊಡು’ ಅಂದಿರಂತೆ. ಈ ಮಾತು ಕೇಳಿದ ಮೇಲೆಯೇ ಅತ್ತೆಮ್ಮ, ಇನ್ನು ಸುಮ್ಮನಿರಬಾರದು ಅಂತ ನನಗೆ ತೀರ್ಮಾನವಾದದ್ದು.

ಈಗ ನಿಮಗೆ ನಗು ಬರುವ ಸುದ್ದಿ ಹೇಳುತ್ತೇನೆ. ದಸರಾಕ್ಕೆ ಮುಂಚೆ ಫರ್ಹಾನ್ ಮರಿ ಇಳಿಸಲು ಬಂದವನು ಬ್ಯಾಗಿನಿಂದ ಹಸಿರು ಬಾಟಲಿ ಒಂದನ್ನು ತೆಗೆದ. ಮೇಲೆ ಎಲೆಗಳ ಚಿತ್ರ. ‘ಅಕ್ಕ, ಇನ್ಮೇಲೆ ಫೀಡಲ್ಲಿ ತೂಕಕ್ಕೆ ಅಂತ ಆಂಟಿಬಯೋಟಿಕ್ ಹಾಕಲ್ಲ, ಕೊಂಡ್ಕೊಳ್ಳೋರು ಬೇಡ ಅಂತಿದಾರೆ. ಅದ್ರ ಬದ್ಲು ಇದು. ಹರ್ಬಲ್. ಹೊಟ್ಟೆ ಚೆನ್ನಾಗಿದ್ರೆ ಕೋಳಿ ತಾನೇ ಬೆಳೆಯುತ್ತೆ’ ಅಂದ. ನಾನು ಬಾಟಲಿ ತಿರುಗಿಸಿ ಓದಿದೆ. ನೆಲನೆಲ್ಲಿ, ಅಮೃತಬಳ್ಳಿ, ಬೇವು, ಶುಂಠಿ, ಅರಿಶಿನ. ಅಯ್ಯೋ ದೇವರೇ! ಮುಚ್ಚಳ ತೆಗೆದು ಮೂಸಿದರೆ ನಿಮ್ಮ ಸೆರಗಿನ ವಾಸನೆ. ನಾನು ನಗಲು ಶುರುಮಾಡಿದವಳು ನಿಲ್ಲಿಸಲೇ ಆಗಲಿಲ್ಲ, ಆಮೇಲೆ ಅದು ಅಳುವಾಯಿತು, ಆ ಹುಡುಗ ಗಾಬರಿಯಾಗಿ ನೀರು ತಂದುಕೊಟ್ಟ. ಹತ್ತು ವರ್ಷದ ಹಿಂದೆ ನಿಮ್ಮ ಮಗ ಶೆಡ್ ಹಾಕಿದ ಹೊಸತರಲ್ಲೇ ನೀವು ಕೇಳಿರಲಿಲ್ಲವೇ, ‘ಕಾಯ್ಲೆ ಬರ್ದಿರೋ ಕೋಳಿಗೆ ದಿನಾ ಔಸ್ದಿ ಯಾಕ್ಲಾ ಭೀಮರಾಜ?’ ಅಂತ? ಅವತ್ತು ನಾವಿಬ್ಬರೂ ಸೇರಿ ನಿಮ್ಮನ್ನು ಗೇಲಿ ಮಾಡಿದ್ದೆವು. ನಿಮ್ಮ ಸಮಾಧಾನಕ್ಕೆ ಅಂತ ಸೊಪ್ಪಿನ ನೀರು ಹಾಕಲು ಬಿಟ್ಟೆವೇ ಹೊರತು ನಂಬಿಕೆಯಿಂದ ಬಿಟ್ಟದ್ದಲ್ಲ. ಫರ್ಹಾನ್ ತಲೆ ಕೆರೆದುಕೊಂಡು ‘ಅಜ್ಜಿ ಎಲ್ಲಿ ಅಕ್ಕ?’ ಅಂದ. ಮಗಳ ಮನೆಗೆ ಹೋಗಿದ್ದಾರೆ ಅಂದೆ. ಇನ್ನೂ ಅಲ್ಲೇನಾ ಅಂದ. ಇನ್ನೂ ಅಲ್ಲೇ ಅಂದೆ.

ಅವನಿಗೆ ಏನನ್ನಿಸಿತೋ, ಅಜ್ಜಿಯ ಪುಡಿ ಉಳಿದಿದೆಯಾ ಅಂತ ಕೇಳಿದ. ನಿಮ್ಮ ದೊಡ್ಡ ಸ್ಟೀಲ್ ಡಬ್ಬಿ ಅಟ್ಟದ ಮೇಲೆ ಹಾಗೇ ಇತ್ತು, ಮಾರ್ಚಿನ ಅದೇ ಪುಡಿ, ಕೈ ಹಾಕಲು ನನಗೆ ಧೈರ್ಯವಿರಲಿಲ್ಲ, ಎಸೆಯಲೂ ಇರಲಿಲ್ಲ. ಅವನು ತನ್ನ ದೊಡ್ಡ ಸಾಹೇಬರನ್ನು ಕೇಳಿ ಒಪ್ಪಿಸಿದ. ಶೆಡ್ಡಿನ ಮೂಲೆಯಲ್ಲಿ ಜಾಲರಿ ಕಟ್ಟಿ ಎರಡು ಅಂಕಣ ಮಾಡಿದೆವು, ಒಂದೊಂದರಲ್ಲಿ ಐವತ್ತು ಮರಿ. ಒಂದಕ್ಕೆ ಬಾಟಲಿಯ ನೀರು, ಇನ್ನೊಂದಕ್ಕೆ ನಿಮ್ಮ ಪುಡಿಯದು. ಮಿಕ್ಕ ಶೆಡ್ಡಿಗೆ ಬರೀ ನೀರು. ಏಳನೇ ದಿನ ಒಂದು ಕೊಡ ನೀರು ಕುದಿಸಿ, ನೀವು ಹೇಳಿಕೊಟ್ಟ ಲೆಕ್ಕದಲ್ಲೇ ಒಂದು ಹಿಡಿ ಪುಡಿ ಹಾಕಿ, ಆರಿಸಿ ಇಟ್ಟೆ. ಈ ಸಲ ಬಟ್ಟೆ ಒಗೆಯಲು ಹೋಗಲಿಲ್ಲ, ಸ್ಟೂಲ್ ಹಾಕಿಕೊಂಡು ಎದುರಿಗೇ ಕೂತೆ. ಮರಿಗಳು ಬಂದವು, ಕೊಕ್ಕು ಅದ್ದಿದವು, ತಲೆ ಕೊಡವಿದವು, ಹಿಂದಕ್ಕೆ ಸರಿದವು. ಜಾಲರಿಗೆ ಎದೆಯೊತ್ತಿ ಪಕ್ಕದ ಅಂಕಣದ ನೀರನ್ನು ನೋಡುತ್ತಾ ನಿಂತವು. ಬೆರಳದ್ದಿ ನಾಲಗೆಗೆ ಇಟ್ಟುಕೊಂಡೆ, ಕಹಿ ಕಾರ್ಕೋಟಕ. ನಿಮ್ಮ ನೀರನ್ನು ನಾನು ಎಷ್ಟೋ ಸಲ ರುಚಿ ನೋಡಿದ್ದೇನೆ, ಹೀಗಿರುತ್ತಿರಲಿಲ್ಲ. ತಕ್ಷಣ ಚೆಲ್ಲಿ ಬರೀ ನೀರು ಇಟ್ಟೆ. ಮರಿಗಳು ಮುಗಿಬಿದ್ದು ಕುಡಿದವು.

ಅಡುಗೆಮನೆಗೆ ಬಂದು ತಕ್ಕಡಿ ಮುಂದಿಟ್ಟುಕೊಂಡು ಕೂತೆ. ನಿಮ್ಮ ಮಗ ಬೆಳ್ಳಿ ತೂಗಲು ತಂದಿದ್ದರಲ್ಲ, ಅದು. ನನ್ನ ಹಿಡಿ ನಲವತ್ತೆರಡು ಗ್ರಾಂ ತೂಗಿತು. ಅದೇ ಡಬ್ಬಿ, ಅದೇ ಪುಡಿ, ಒಂದು ಕೊಡಕ್ಕೆ ಒಂದು ಹಿಡಿ ಅಂತ ನೀವೇ ಹೇಳಿದ್ದು. ಮತ್ತೆ ತಪ್ಪು ಎಲ್ಲಿ ಅಂತ ತಲೆ ಚಚ್ಚಿಕೊಂಡೆ. ಎದುರಿಗೆ ಉಪ್ಪಿನಕಾಯಿ ಭರಣಿ ಇತ್ತು. ಮೇ ತಿಂಗಳಲ್ಲಿ ನಿಮ್ಮ ಲೆಕ್ಕದಂತೆ ಹತ್ತು ಹಿಡಿ ಉಪ್ಪು ಹಾಕಿ ಮಾಡಿದ್ದು, ಬಾಯಿಗಿಡಲು ಆಗುವುದಿಲ್ಲ, ಅಷ್ಟು ಉಪ್ಪು. ನೀವು ಹೋದ ಮೇಲೆ ನಾನು ಮಾಡಿದ ಸಾರೂ ಉಪ್ಪು, ಹುರುಳಿ ಬಸ್ಸಾರೂ ಖಾರ. ಒಬ್ಬಳೇ ಉಣ್ಣುವವಳ ನಾಲಗೆ ಕೆಡುತ್ತದೆ ಅಂದುಕೊಂಡಿದ್ದೆ. ಭರಣಿಯನ್ನು ನೋಡುತ್ತಾ ಇದ್ದಹಾಗೆ ನಿಮ್ಮ ಕೈ ಕಣ್ಣ ಮುಂದೆ ಬಂತು. ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಮಡಿಚಿ ಒತ್ತಿ ಹಿಡಿದು, ಉಳಿದ ಮೂರರಲ್ಲಿ ಪುಡಿ ಎತ್ತಿದೆ. ಹತ್ತೊಂಬತ್ತು ಗ್ರಾಂ. ಇನ್ನೊಮ್ಮೆ ಎತ್ತಿದೆ. ಹದಿನೆಂಟು. ಅತ್ತೆಮ್ಮ, ನಿಮ್ಮ ಹಿಡಿ ಮೂರು ಬೆರಳಿನ ಹಿಡಿ! ಇಪ್ಪತ್ನಾಲ್ಕು ವರ್ಷ ಆ ಕೈಯಿಂದ ಬಡಿಸಿಕೊಂಡು ಉಂಡವಳಿಗೆ ಅದರಲ್ಲಿ ಎಷ್ಟು ಬೆರಳಿದೆ ಅಂತ ನೆನಪಿರಲಿಲ್ಲ.

ಮರೆಯುವಂಥದ್ದೇ ಅದು? ಮದುವೆಯಾಗಿ ಮೂರನೇ ದಿನ. ಆಗ ಇದು ಶೆಡ್ ಅಲ್ಲ, ದನದ ಕೊಟ್ಟಿಗೆ. ಹಸುಗಳು ಕೂಗುತ್ತಿದ್ದವು, ನಾನು ಹೊಸ ಸೊಸೆ ಅನ್ನಿಸಿಕೊಳ್ಳುವ ಉತ್ಸಾಹಕ್ಕೆ ಮೇವು ಕತ್ತರಿಸುವ ಮಷಿನ್ ಹತ್ತಿರ ಹೋದೆ. ನೀವು ಓಡಿಬಂದು ತಡೆದಿರಿ. ‘ಕಂಕಣ ಬಿಚ್ಚಿಲ್ಲ, ಅರಿಶ್ಣದ್ ಕೈಯಿ, ನೀನ್ ಮುಟ್ಬಾರ್ದು, ಅತ್ಲಾಗ್ ಓಗಿ ಕೂತ್ಕೊ’ ಅಂದು ನನ್ನನ್ನು ಪಕ್ಕಕ್ಕೆ ಸರಿಸಿ ಮೇವಿನ ಕಂತೆಯನ್ನು ನೀವೇ ತಳ್ಳಿದಿರಿ. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದ ನೆಂಟರು ಸೊಸೆಯ ಕಾಲ್ಗುಣ ಅಂತ ಪಿಸುಗುಟ್ಟಿದರು. ಅವರ ಬಾಯಿ ನೀವು ಹೇಗೆ ಮುಚ್ಚಿಸಿದಿರಿ ಅಂತ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ‘ಬೆರ್ಳು ನಂದು, ಓಗಿದ್ದು ನಂದು, ನಿಮ್ಗೇನ್ ನೋವು?’ ಅಂದಿರಿ. ಆಮೇಲೆ ಒಂದು ದಿನ, ಒಂದೇ ಒಂದು ದಿನವಾದರೂ, ಎಷ್ಟೇ ದೊಡ್ಡ ಜಗಳದಲ್ಲೂ ನೀವು ಆ ಮಾತನ್ನು ನನ್ನ ಮೇಲೆ ಎತ್ತಲಿಲ್ಲ. ನಂದಿತಾ, ನಿನಗೆ ಇದು ಗೊತ್ತಿತ್ತಾ? ನಿನ್ನ ಅಜ್ಜಿ ಹೇಳಿರುವುದಿಲ್ಲ. ಈಗ ಅಜ್ಜಿ ‘ಅದ್ನೆಲ್ಲ ಯಾಕ್ ಬರ್ದವ್ಳೆ’ ಅಂತ ಬೈಯುತ್ತಿರುತ್ತಾರೆ. ಬೈಯಲಿ, ನೀನು ಓದು.

ಆವತ್ತಿನಿಂದ ದಿನಾ ಎರಡು ಬೆರಳು ಮಡಿಚಿಯೇ ಪುಡಿ ಹಾಕಿದೆ. ಮರಿಗಳು ಒಂದು ತೊಟ್ಟು ಬಿಡದೆ ಕುಡಿದವು. ಮೂವತ್ತೈದನೇ ದಿನ ಫರ್ಹಾನ್ ತೂಕ ಮಾಡಿದ. ಸುಮ್ಮನೆ ಹೊಗಳಿ ಬರೆಯುವುದಿಲ್ಲ, ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಬರೀ ನೀರು ಕುಡಿದವು ಸರಾಸರಿ ಎರಡು ಕೆಜಿಗೆ ಎಪ್ಪತ್ತು ಗ್ರಾಂ ಕಡಿಮೆ, ಬಾಟಲಿಯವು ಹತ್ತು ಗ್ರಾಂ ಕಡಿಮೆ, ನಿಮ್ಮವು ಎರಡು ಕೆಜಿ ದಾಟಿ ನಲವತ್ತು ಗ್ರಾಂ. ಆಕಾಶಕ್ಕೆ ಏಣಿ ಹಾಕಿದಂಥದ್ದೇನಲ್ಲ. ಆದರೆ ನಿಮ್ಮ ಅಂಕಣದಲ್ಲಿ ಒಂದೂ ಸಾಯಲಿಲ್ಲ, ಒಂದಕ್ಕೂ ಭೇದಿಯಾಗಲಿಲ್ಲ, ಕೆಳಗಿನ ಹೊಟ್ಟು ಕಡೆಯವರೆಗೂ ಪುಡಿಪುಡಿಯಾಗಿ ಒಣಗಿತ್ತು, ವಾಸನೆಯಿಲ್ಲ. ಫರ್ಹಾನ್ ಮಂಡಿಯೂರಿ ಹೊಟ್ಟನ್ನು ಕೈಯಲ್ಲಿ ಹಿಡಿದು ನೋಡಿದ. ‘ಅಕ್ಕ, ಅಜ್ಜಿ ಬಂದ್ರೆ ಮುಂದಿನ ಬ್ಯಾಚ್ ಪೂರ್ತಿ ಶೆಡ್ಡಿಗೇ ಹಾಕೋಣ, ಸಾಹೇಬ್ರು ಓಕೆ ಅಂದಿದಾರೆ. ಆದ್ರೆ ಅಜ್ಜಿನೇ ಇರ್ಬೇಕು’ ಅಂದ. ನಿಮ್ಮ ಪುಡಿಯಲ್ಲಿ ಬೇವು ಹೆಚ್ಚಾಗಿರಲಿಲ್ಲ ಅತ್ತೆಮ್ಮ. ಅದೇ ಡಬ್ಬಿಯ ಪುಡಿ ನೀರು ಕುಡಿದು ಐವತ್ತು ಮರಿ ಕಡ್ಡಿಯಂಥ ಕಾಲಿನಿಂದ ಕಂಬದಂಥ ಕಾಲಿಗೆ ಬಂದವು. ಡಬ್ಬಿ ಈಗ ತಳ ಕಂಡಿದೆ.

ಹೊಸ ಪುಡಿಗೆ ಸೊಪ್ಪು ಹುಡುಕಿಕೊಂಡು ಹೋದರೆ ನನ್ನ ಪಾಡು ಕೇಳಬೇಡಿ. ನೀವು ನೆಲನೆಲ್ಲಿ ಕೀಳುತ್ತಿದ್ದ ಕೆರೆ ಪಕ್ಕದ ಹೊಲ ಈಗ ಪೂರ್ತಿ ಲೇಔಟ್. ಖಾಲಿ ಸೈಟುಗಳ ಅಂಚಿನಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದರೆ ಸೆಕ್ಯೂರಿಟಿಯವನು ಸೀಟಿ ಊದಿಕೊಂಡು ಬಂದ. ಏನು ಕಳೆದುಕೊಂಡಿದ್ದೀರಿ ಅಂತ ಕೇಳಿದ, ನೆಲನೆಲ್ಲಿ ಅಂದೆ, ಓಲೆಯೋ ಏನೋ ಅಂದುಕೊಂಡು ಅವನೂ ಪಾಪ ಹುಡುಕತೊಡಗಿದ. ‘ಎಲೆ ಮಗುಚಿ ನೋಡು, ಕೆಳ್ಗೆ ಕಾಯಿ ಸಾಲಾಗಿದ್ರೆ ಅದೇಯ’ ಅಂತ ನೀವು ಹೇಳಿದ್ದನ್ನು ನೆನೆಸಿಕೊಂಡು ಒಂದು ಚೀಲ ಕಿತ್ತು ತಂದೆ. ಬೈರಣ್ಣ ನೋಡಿ ಅರ್ಧ ಅದಲ್ಲವೇ ಅಲ್ಲ ಅಂತ ಎಸೆದ. ನಮ್ಮ ಬೇಲಿಯ ಅಮೃತಬಳ್ಳಿಯನ್ನೋ ಅಪಾರ್ಟ್‌ಮೆಂಟಿನ ಹೆಂಗಸರು ಶುಗರ್‌ಗೆ ಒಳ್ಳೆಯದಂತೆ ಅಂತ ಬಂದು ಬಂದು ಕೊಯ್ದುಕೊಂಡು ಹೋಗುತ್ತಾರೆ. ಹೋದ ವರ್ಷ ಕೋಳಿ ವಾಸನೆ ಅಂತ ದೂರು ಕೊಟ್ಟವರೇ. ನಾನು ಬೇಡ ಅನ್ನುವುದಿಲ್ಲ. ಎಲೆ ಕೊಯ್ಯುವಷ್ಟು ಹೊತ್ತು ಯಾರಾದರೂ ಮಾತಾಡುತ್ತಾರಲ್ಲ ಅಂತ.

ಅತ್ತೆಮ್ಮ, ಮನೆಗೆ ಬನ್ನಿ. ಇಪ್ಪತ್ನಾಲ್ಕಕ್ಕೆ ಮರಿ ಇಳಿಯುತ್ತವೆ, ಅಷ್ಟರೊಳಗೆ ಪುಡಿ ಕುಟ್ಟಬೇಕು, ನೀವು ಕೂತು ಹೇಳಿದರೆ ಸಾಕು, ಒನಕೆ ನಾನು ಹಿಡಿಯುತ್ತೇನೆ. ಫೋನ್ ಮಾಡಿ ‘ಬಾರೇ ಯಶೋದಿ’ ಅಂದರೆ ಅದೇ ಹೊತ್ತಿಗೆ ಆಟೋ ತರುತ್ತೇನೆ. ನಿಮ್ಮ ಮೇಲೆ ಎಲ್ಲರ ಎದುರಿಗೆ ಕೂಗಾಡಿದ್ದಕ್ಕೆ ತಪ್ಪಾಯಿತು ಅಂತ ಈ ಎಂಟು ತಿಂಗಳಲ್ಲಿ ಒಂದು ಸಲವೂ ಹೇಳಿಲ್ಲ. ತಪ್ಪಾಯಿತು. ರತ್ನಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸಿ. ನಂದಿತಾಳಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಯಶೋದಿ

ತಾಜಾ ಕಲಂ: ಕವರ್ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಫರ್ಹಾನ್ ತೂಕದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಂದಿತಾ, ಇದನ್ನು ಅಜ್ಜಿಯೊಬ್ಬರಿಗೇ ಓದಬೇಡ, ಅಪ್ಪ ಅಮ್ಮನನ್ನೂ ಕರೆದು ಕೂರಿಸಿಕೊಂಡು ಗಟ್ಟಿಯಾಗಿ ಓದು. ಎಲ್ಲರ ಎದುರಿಗೆ ಅಂದದ್ದನ್ನು ಎಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅತ್ತೆಮ್ಮ, ಮಾರ್ಚಿನಲ್ಲಿ ನೀವು ಬೆಳಗ್ಗೆ ಹಾಕಿದ ನೀರನ್ನು ಕೋಳಿಗಳು ಹತ್ತು ಗಂಟೆಗೆಲ್ಲ ಕುಡಿದು ಮುಗಿಸಿದ್ದವು. ನೀವು ಬಸ್ ಹತ್ತಿದ ಮೇಲೆ, ಬಿಸಿಲು ಜಾಸ್ತಿ, ಇನ್ನೊಂದು ಸಲ ಕೊಟ್ಟರೆ ಇನ್ನೂ ಒಳ್ಳೆಯದು 	ಅಂತ ಮಧ್ಯಾಹ್ನದ ಹತ್ತು ಕೊಡಕ್ಕೆ ಪುಡಿ ಹಾಕಿದವಳು ನಾನು. ಕೊಡಕ್ಕೆ ಎರಡೆರಡು ಹಿಡಿ, ಐದು ಬೆರಳಿನ ಹಿಡಿ. ಸಂಜೆ ಫರ್ಹಾನ್ ಫೋನಿನಲ್ಲಿ, ವಯಸ್ಸಾದ ಅಜ್ಜಿ ತಿಳಿಯದೆ ಹಾಕಿದ್ದಾದರೆ ಕಂಪನಿ ಬಿಟ್ಟುಬಿಡುತ್ತೆ, ನೀವೇ ಹಾಕಿದ್ದಾದರೆ ಇನ್ನು ಮರಿ ಕೊಡಲ್ಲ ಅಂದಿದ್ದ. ಅದಾಗಿ ಐದೇ ನಿಮಿಷಕ್ಕೆ ನಿಮ್ಮ ಫೋನ್ ಬಂತು. ನೀವು ಕೇಳಿದಿರಿ, ನಾನು ಹೂಂ ಅಂದೆ. ಆ ಹೂಂ ಸುಳ್ಳು. ಈಗ ಫರ್ಹಾನ್‌ಗೂ ಹೇಳಿಬಿಟ್ಟೆ. ಅವನು ತೂಕದ ಕಾಗದ ಮಡಿಚಿ ಜೇಬಿಗಿಟ್ಟುಕೊಂಡ, ಆಫೀಸಿಗೆ ಬರೆಯಲೇಬೇಕಾಗುತ್ತೆ ಅಕ್ಕ ಅಂದು ಹೋದ. ಆದ್ದರಿಂದ ಇಪ್ಪತ್ನಾಲ್ಕಕ್ಕೆ ಮರಿ ಬರುವುದು ಅನುಮಾನ. ನಿಮ್ಮ ಕೈ ಒಂದು ಕೋಳಿಯನ್ನೂ ಕೊಂದಿಲ್ಲ. ಇದೊಂದು ಸಾಲನ್ನು ಎರಡು ಸಲ ಓದು ನಂದಿತಾ, ಎಡಗಿವಿಯ ಹತ್ತಿರ. ಅತ್ತೆಮ್ಮ, ಮರಿ ಬರದಿದ್ದರೂ ನೀವು ಬನ್ನಿ.